ತಂತಿ ಕಟ್ಟಿದ ಕೈ

ಆ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರೂ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಹಾಗೆ ಮೊದಲು ಕರೆದವನು ಅವಳ ತಮ್ಮ. ಅವನನ್ನು ನೋಡಿ ತೋಟದವರು, ತೋಟದವರನ್ನು ನೋಡಿ ನರ್ಸುಗಳು, ಹೀಗೆ ಆ ಹೆಸರು ಕಟ್ಟಡವೆಲ್ಲ ಸುತ್ತಿ ಬಂದು ಅವಳಿಗೇ ಅಂಟಿಕೊಂಡಿತ್ತು. ಹದಿನೆಂಟು ವರ್ಷ ಅವಳು ಅಲ್ಲಿ ಒಣಗಿದ ಎಲೆ ಗುಡಿಸಿದ್ದಳು. ತಾಯಿ ಸತ್ತಾಗ ತಮ್ಮನಿಗೆ ಆರು ವರ್ಷ, ಅವಳಿಗೆ ಹದಿನೇಳು. ಸಾಕಿದಳು, ಓದಿಸಿದಳು, ಮದುವೆ ಮಾಡಿದಳು. ಕೊನೆಗೆ ತೋಟದ ಮೇಸ್ತ್ರಿಯ ಕೈಕಾಲು ಹಿಡಿದು ಅದೇ ಆಸ್ಪತ್ರೆಯಲ್ಲಿ ಹುಲ್ಲು ಕತ್ತರಿಸುವ ಕೆಲಸವನ್ನೂ ಕೊಡಿಸಿದಳು. ಈ ಕೊನೆಯ ಉಪಕಾರ ಮಾಡಿದ್ದಕ್ಕೆ ಆಮೇಲೆ ತನ್ನನ್ನೇ ತಾನು ಶಪಿಸಿಕೊಳ್ಳದ ದಿನವಿರಲಿಲ್ಲ.

ಆಸ್ಪತ್ರೆಯ ಸುತ್ತ ದೊಡ್ಡ ಹುಲ್ಲುಹಾಸು. ಮುಂದೆ ಸಮತಟ್ಟು, ಹಿಂದೆ ಉತ್ತರದ ಗೋಡೆಯವರೆಗೆ ಇಳಿಜಾರು. ಅದಕ್ಕೆಂದೇ ತಂದ ಮಷೀನು ಮನೆಯಂಗಳದಲ್ಲಿ ತಳ್ಳುವ ಆಟಿಕೆಯಂಥದ್ದಲ್ಲ. ಒಂದು ಮಂಚದಷ್ಟು ಅಗಲದ ಕಬ್ಬಿಣದ ಹೊದಿಕೆ, ಅದರ ಕೆಳಗೆ ಎರಡು ಅಲಗು, ಪಕ್ಕದಲ್ಲಿ ಕತ್ತರಿಸಿದ ಹುಲ್ಲನ್ನು ಉಗುಳುವ ಹೊರಬಾಯಿ, ಮೇಲೆ ಪೆಟ್ರೋಲ್ ಎಂಜಿನ್, ಹಿಂದೆ ಉದ್ದನೆಯ ಹ್ಯಾಂಡಲ್. ಚಕ್ರ ತಾನೇ ಉರುಳುತ್ತದೆ, ಮನುಷ್ಯ ಹಿಂದೆ ನಡೆಯುತ್ತ ದಾರಿ ತೋರಿಸಬೇಕು. ಹ್ಯಾಂಡಲ್ಲಿಗೆ ಒಂದು ಲಿವರ್ ಇದೆ. ಅದನ್ನು ಒತ್ತಿ ಹಿಡಿದಿರುವಷ್ಟು ಹೊತ್ತು ಮಾತ್ರ ಅಲಗು ತಿರುಗುತ್ತದೆ. ಕೈ ಬಿಟ್ಟರೆ ಎಂಜಿನ್ ಗುರುಗುಟ್ಟುತ್ತಲೇ ಇದ್ದರೂ ಅಲಗು ಎರಡು ಮೂರು ಸೆಕೆಂಡಿನಲ್ಲಿ ನಿಲ್ಲುತ್ತದೆ. ಕಾಲು ಜಾರಲಿ, ತಲೆ ಸುತ್ತಲಿ, ಕೈ ಬಿಟ್ಟರೆ ಸಾಕು, ಜೀವ ಉಳಿಯುತ್ತದೆ. ಅದನ್ನು ಮಾಡಿದವರು ಯೋಚಿಸಿಯೇ ಮಾಡಿದ್ದರು.

ಆದರೆ ಆ ಲಿವರಿನ ಸ್ಪ್ರಿಂಗು ಬಿಗಿ. ಅರ್ಧ ಗಂಟೆ ಹಿಡಿದರೆ ಬೆರಳು ಮರಗಟ್ಟುತ್ತದೆ. ಮೇಸ್ತ್ರಿಗೆ ಹಿಂದೊಮ್ಮೆ ಮೆಟ್ಟಿಲಿನಿಂದ ಬಿದ್ದು ಬಲ ಮಣಿಕಟ್ಟು ಉಳುಕಿತ್ತು, ಐದು ನಿಮಿಷಕ್ಕಿಂತ ಹೆಚ್ಚು ಹಿಡಿಯಲಾರ. ಒಂದು ದಿನ ಆಸ್ಪತ್ರೆಗೆ ಯಾರೋ ದೊಡ್ಡ ಮನುಷ್ಯರು ಬರುವವರಿದ್ದರು. ಬೆಳಿಗ್ಗೆಯ ಪಾಳಿಯವನು ಬಂದಿರಲಿಲ್ಲ. ಮೇಸ್ತ್ರಿ ತಾನೇ ಮುಂದಿನ ಹುಲ್ಲು ಕತ್ತರಿಸಿದ. ಮಧ್ಯಾಹ್ನ ಊಟ ಮುಗಿಸಿ ತಮ್ಮ ಬಂದಾಗ ಓಡುತ್ತಿದ್ದ ಮಷೀನನ್ನೇ ಅವನ ಕೈಗೆ ಕೊಟ್ಟು, "ಹಿಂದಿನ ಕಡೆ ಬೇಗ ಮುಗ್ಸು, ನಿಲ್ಲಿಸ್ತಾ ಕೂರ್ಬೇಡ" ಎಂದು ಹೇಳಿ ಹೋದ. ಲಿವರನ್ನು ಹ್ಯಾಂಡಲ್ಲಿಗೆ ಸೇರಿಸಿ ತಂತಿ ಬಿಗಿದು, ಮೇಲೆ ಕಪ್ಪು ಟೇಪು ಸುತ್ತಿದ್ದನ್ನು ಮಾತ್ರ ಹೇಳಲಿಲ್ಲ. ಕಪ್ಪು ಹ್ಯಾಂಡಲ್ಲಿನ ಮೇಲೆ ಅದು ತಮ್ಮನ ಕಣ್ಣಿಗೂ ಬೀಳಲಿಲ್ಲ.

ಗೋಡೆಯ ಬಳಿ ಒದ್ದೆ ಹುಲ್ಲು ಹೊರಬಾಯಿಗೆ ಮುದ್ದೆಯಾಗಿ ಸಿಕ್ಕಿಕೊಂಡಿತು. ಅವಳ ತಮ್ಮ ಅಭ್ಯಾಸದಂತೆ ಹ್ಯಾಂಡಲ್ ಬಿಟ್ಟ, ಮನಸ್ಸಿನಲ್ಲೇ ಮೂರು ಎಣಿಸಿದ, ಬಗ್ಗಿ ಕೈ ಹಾಕಿದ.

ಬಲಗೈಯ ಮೂರು ಬೆರಳು ಹೋದವು. ಪಕ್ಕದಲ್ಲೇ ಆಪರೇಷನ್ ಕೋಣೆ ಇದ್ದದ್ದರಿಂದ ಪ್ರಾಣ ಉಳಿಯಿತು ಎಂದು ಎಲ್ಲರೂ ಹೇಳಿದರು, ಅದೇನೋ ದೊಡ್ಡ ಅದೃಷ್ಟ ಎಂಬಂತೆ. ದೊಡ್ಡಕ್ಕ ಪೊರಕೆ ಎಸೆದು ಓಡಿ ಬಂದಾಗ ಮಷೀನು ಇನ್ನೂ ಓಡುತ್ತಲೇ ಇತ್ತು. ಟೇಪಿನ ಸಂದಿಯಲ್ಲಿ ತಂತಿಯ ತುದಿ ಹೊಳೆಯುತ್ತಿದ್ದುದನ್ನು ಅವಳು ಕಣ್ಣಾರೆ ಕಂಡಳು.

ವಾರದ ನಂತರ ವಿಚಾರಣೆ. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಅದೇ ತಂತಿ. ಮೇಸ್ತ್ರಿ ಕಣ್ಣು ಮಿಟುಕಿಸದೆ ಹೇಳಿದ: "ಎಷ್ಟು ಸಲ ಬೇಡ ಅಂದಿದ್ದೆ ಸಾರ್. ಕೈ ನೋಯತ್ತೆ ಅಂತ ಅವನೇ ಕಟ್ಕೊಂಡ. ಸಾಲದ್ದಕ್ಕೆ ಎಂಜಿನ್ ಆಫ್ ಮಾಡ್ದೆ ಕೈ ಹಾಕ್ದ."

ದೊಡ್ಡಕ್ಕ ಬಾಗಿಲ ಬಳಿಯಿಂದಲೇ ಕೂಗಿದಳು: "ತಂತಿ ತಿರುಚಿರೋದು ಇಕ್ಕಳದಲ್ಲಿ. ಇಕ್ಕಳ ಇರೋ ಪೆಟ್ಟಿಗೆ ಕೀಲಿ ಯಾರ ಹತ್ರ ಇರತ್ತೆ? ಅದನ್ನ ಕೇಳಿ!"

ಆಗಿನ ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡರು. "ನೀನು ಅವನ ಅಕ್ಕ ಅಲ್ವಾ? ಹಾಗೇ ಹೇಳ್ತೀಯ ಬಿಡಮ್ಮ."

ಅಲ್ಲಿಗೆ ಮುಗಿಯಿತು. ವರದಿಯಲ್ಲಿ 'ಕೆಲಸಗಾರನ ಸ್ವಂತ ತಪ್ಪು' ಎಂದು ಬರೆದರು. ತಮ್ಮನ ಕೆಲಸ ಹೋಯಿತು. ಎಂಜಿನ್ ಆಫ್ ಮಾಡದೆ ಕೈ ಹಾಕಿದ್ದು ಅವನ ತಪ್ಪೇ ಎಂಬುದು ಅವಳಿಗೂ ಗೊತ್ತಿತ್ತು. ಆ ಒಂದು ನಿಜವನ್ನು ಮುಂದಿಟ್ಟು ಅಷ್ಟು ದೊಡ್ಡ ಸುಳ್ಳನ್ನು ಮುಚ್ಚಿದರಲ್ಲ ಎಂಬುದೇ ಅವಳ ಹೊಟ್ಟೆಯೊಳಗೆ ಕೆಂಡದಂತೆ ಕೂತುಬಿಟ್ಟಿತು.

ಬಟ್ಟೆ ಒಗೆಯುವ ಅಂಗಡಿಯೊಂದರ ಹಿಂದಿನ ಎರಡು ಕೋಣೆಯ ಮನೆಯಲ್ಲಿ ತಮ್ಮ ಕಿಟಕಿ ನೋಡುತ್ತ ಕೂತ. ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದರೆ ಎರಡು ಬೀದಿಯಾಚೆ ಕೇಳಿಸುತ್ತಿದ್ದ ಮನುಷ್ಯ, ಈಗ ಅಂಗಿಯ ಗುಂಡಿ ಹಾಕಿಕೊಳ್ಳಲು ಹೆಂಡತಿಯನ್ನು ಕರೆಯಬೇಕು. ಎಂಟು ವರ್ಷದ ಮಗಳು ಒಮ್ಮೆ, "ಅಪ್ಪ ಸುಳ್ಳು ಹೇಳಿದ್ರಂತೆ ಅತ್ತೆ, ಸ್ಕೂಲಲ್ಲಿ ಅಂತಾರೆ" ಎಂದಳು. ಮೇಸ್ತ್ರಿಯ ಮೊಮ್ಮಗನೂ ಅದೇ ಸ್ಕೂಲು. ದೊಡ್ಡಕ್ಕ ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸಲಿಲ್ಲ. ಆದರೆ ಆ ಹಿಟ್ಟು ಅವತ್ತು ಕಲ್ಲಿನಂತಾಯಿತು, ಯಾರೂ ತಿನ್ನಲಾಗಲಿಲ್ಲ.

ಮಷೀನಿಗೆ ಈಗ ಆಳಿರಲಿಲ್ಲ. ರಕ್ತ ಕಂಡ ಮಷೀನನ್ನು ಮುಟ್ಟಲು ಇಬ್ಬರು ಗಂಡಸರು ಒಲ್ಲೆ ಎಂದು ಹಿಂದೆ ಸರಿದರು. ಹುಲ್ಲು ಮೊಣಕಾಲೆತ್ತರ ಬೆಳೆಯಿತು. ಆಗ ದೊಡ್ಡಕ್ಕ ಮೇಸ್ತ್ರಿಯ ಎದುರು ನಿಂತು, "ನಾನು ಮಾಡ್ತೀನಿ" ಎಂದಳು.

ಮೇಸ್ತ್ರಿ ಬೆಚ್ಚಿದ. "ನೀನಾ? ನಲವತ್ತೈದು ದಾಟಿದೆ ನಿಂಗೆ."

"ಮಷೀನಿಗೆ ವಯಸ್ಸು ಗೊತ್ತಾಗಲ್ಲ."

ಅವನಿಗೆ ಬೇರೆ ದಾರಿ ಇರಲಿಲ್ಲ. ಹೊಟ್ಟೆಪಾಡಿಗೆ ಸಿಟ್ಟು ನುಂಗಿಕೊಂಡಿದ್ದಾಳೆ ಎಂದುಕೊಂಡ. ಅವಳು ಸಿಟ್ಟು ನುಂಗಿರಲಿಲ್ಲ, ನಿಧಾನವಾಗಿ ಅರೆಯುತ್ತಿದ್ದಳು.

ಆಸ್ಪತ್ರೆಯಿಂದ ಎರಡು ಬಸ್ ನಿಲ್ದಾಣದಾಚೆ ಒಂದು ರಿಪೇರಿ ಶೆಡ್ಡು. ಅಲ್ಲಿನ ಮುದುಕನನ್ನು ಎಲ್ಲರೂ ಗ್ರೀಸ್ ತಾತ ಎನ್ನುತ್ತಿದ್ದರು. ಅವನ ಗಡ್ಡಕ್ಕೂ ಗ್ರೀಸೇ, ಟೀ ಲೋಟಕ್ಕೂ ಗ್ರೀಸೇ. ದೊಡ್ಡಕ್ಕ ಮೂರು ತಿಂಗಳು ಪ್ರತಿ ರಜೆಯ ದಿನ ಅಲ್ಲಿ ಹೋಗಿ ಕೂತಳು.

"ಇದನ್ನ ಕಲ್ತು ಏನ್ ಮಾಡ್ತೀಯಮ್ಮ?" ಎಂದು ಅವನು ಮೊದಲ ದಿನ ಕೇಳಿದ.

"ಒಬ್ಬನಿಗೆ ಕಲಿಸ್ಬೇಕು."

ತಾತ ಅವಳ ಮುಖ ನೋಡಿದ. ಎಲ್ಲವನ್ನೂ ಹೇಳಿಕೊಟ್ಟ. ಎಣ್ಣೆ ನೋಡುವಾಗ ಮಷೀನು ಸಮತಟ್ಟಾದ ನೆಲದಲ್ಲಿರಬೇಕು, ಇಲ್ಲದಿದ್ದರೆ ಕಡ್ಡಿ ಸುಳ್ಳು ಹೇಳುತ್ತದೆ. ಪೆಟ್ರೋಲ್ ಹಾಕುವುದು ಎಂಜಿನ್ ತಣ್ಣಗಿದ್ದಾಗ, ಅದೂ ಶೆಡ್ಡಿನ ಹೊರಗೆ. ಅಲಗಿನ ಹತ್ತಿರ ಕೈ ಒಯ್ಯುವ ಮೊದಲು ಕೀಲಿ ತೆಗೆದು ಜೇಬಿಗೆ ಹಾಕಬೇಕು, ಪ್ಲಗ್ಗಿನ ವೈರ್ ಕಿತ್ತು ದೂರ ಇಡಬೇಕು. "ವೈರ್ ಕಿತ್ತಿಲ್ಲ ಅಂದ್ರೆ ಅದು ನಿದ್ದೆ ಮಾಡೋ ನಾಟಕ ಆಡ್ತಿದೆ ಅಂತ ತಿಳ್ಕೋ" ಎಂದ. ಇಳಿಜಾರಿನಲ್ಲಿ ಮೇಲೆ ಕೆಳಗೆ ಹೋಗಬಾರದು, ಅಡ್ಡಡ್ಡ ನಡೆಯಬೇಕು. ಜಾರಿದರೂ ಮಷೀನು ಮೈಮೇಲೆ ಬರುವುದಿಲ್ಲ, ಕಾಲು ಅದರ ಕೆಳಗೆ ಹೋಗುವುದಿಲ್ಲ. ಒದ್ದೆ ಹುಲ್ಲು ಮುಟ್ಟಲೇಬಾರದು. ಅಂಗಳದಲ್ಲಿ ಒಂದು ಹುಣಸೆ ಬೀಜದಷ್ಟು ಕಲ್ಲು ಉಳಿದರೂ ಅಲಗಿಗೆ ಸಿಕ್ಕರೆ ಗುಂಡಿನಂತೆ ಹಾರುತ್ತದೆ. ಹೊರಬಾಯಿಯ ಮುಚ್ಚಳ ಯಾವತ್ತೂ ತೆಗೆಯಬಾರದು.

ಅವಳು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ದಪ್ಪ ದಪ್ಪ ಅಕ್ಷರದಲ್ಲಿ ಬರೆದುಕೊಂಡಳು. ಒಟ್ಟು ಇಪ್ಪತ್ತಮೂರು ಸಾಲು. ಮೇಸ್ತ್ರಿಯ ಬದುಕನ್ನು ಅಡಕತ್ತರಿಗೆ ಸಿಕ್ಕಿಸಲು ಅಷ್ಟು ಸಾಕಾಯಿತು.

ಪ್ರತಿದಿನ ಬೆಳಿಗ್ಗೆ ದಪ್ಪ ಬೂಟು, ಕನ್ನಡಕ, ಕಿವಿಗೆ ಮುಚ್ಚಳ ಹಾಕಿಕೊಂಡು ಮೇಸ್ತ್ರಿಯ ಮೇಜಿನ ಮುಂದೆ ನೋಟ್‌ಬುಕ್ ಇಡುತ್ತಿದ್ದಳು. "ಎಲ್ಲ ನೋಡಾಗಿದೆ. ಒಂದು ಸಹಿ ಹಾಕಿ."

"ಇದೇನ್ ತಮಾಷೆ?"

"ತಮಾಷೆ ಅಲ್ಲ. ಸಹಿ ಇಲ್ದೆ ನಾನು ಕೀಲಿ ಮುಟ್ಟಲ್ಲ. ನಾಳೆ ಏನಾದ್ರೂ ಆದ್ರೆ ನನ್ನ ಸ್ವಂತ ತಪ್ಪು ಆಗ್ಬಾರ್ದಲ್ಲ."

ಸ್ವಂತ ತಪ್ಪು ಎನ್ನುವಾಗ ಪ್ರತಿ ಅಕ್ಷರವನ್ನೂ ಹಲ್ಲಿನಲ್ಲಿ ಕಚ್ಚಿ ಹೇಳುತ್ತಿದ್ದಳು. ಅವನು ಸಹಿ ಹಾಕುತ್ತಿದ್ದ. ಇಬ್ಬನಿ ಆರುವವರೆಗೆ ಅವಳು ಮಷೀನು ಹೊರತೆಗೆಯುತ್ತಿರಲಿಲ್ಲ. ಒಬ್ಬ ರೋಗಿ ಗಾಲಿಕುರ್ಚಿಯಲ್ಲಿ ಹುಲ್ಲಿನ ಹತ್ತಿರ ಬಂದರೆ ನಿಲ್ಲಿಸಿಬಿಡುತ್ತಿದ್ದಳು, ಅವರು ಒಳಗೆ ಹೋದ ಮೇಲೆಯೇ ಮತ್ತೆ ಶುರು. ಸ್ಪ್ರಿಂಗು ಸಡಿಲವಾದರೆ ಹೊಸದು ಬರುವವರೆಗೆ ಮಷೀನು ಹೊರಗೆ ಬರುತ್ತಿರಲಿಲ್ಲ. ಒಂದು ದಿನದ ಕೆಲಸ ಮೂರು ದಿನವಾಯಿತು. ಹುಲ್ಲೇಕೆ ಬೆಳೆದಿದೆ ಎಂದು ಮೇಲಿನವರು ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಅವನು ಬಂದು ಅವಳ ಮೇಲೆ ಹಾರಾಡಿದರೆ, ಕಿವಿಯ ಮುಚ್ಚಳ ಸರಿಸಿ, "ಏನಂದ್ರಿ? ಯಾವ ಸಾಲು ಬಿಡ್ಲಿ, ಬರ್ದು ಕೊಡಿ" ಎನ್ನುತ್ತಿದ್ದಳು. ಬರೆದುಕೊಡುವಷ್ಟು ದಡ್ಡ ಅವನಲ್ಲ. ಹೀಗೆ ಎರಡು ವರ್ಷಕ್ಕೂ ಹೆಚ್ಚು ಕಾಲ ಅವನ ರಕ್ತ ಕುಡಿದಳು.

ಆದರೂ ಅದು ಅವಳಿಗೆ ಸಾಲಲಿಲ್ಲ. ಮೇಸ್ತ್ರಿ ಸಹಿ ಹಾಕುವಾಗ ಅವಳ ಕಣ್ಣು ಅವನ ಬೆರಳುಗಳ ಮೇಲೆಯೇ ಇರುತ್ತಿತ್ತು. ದುಂಡಗೆ, ಹುಷಾರಾಗಿ ಇದ್ದ ಐದು ಬೆರಳು. ಪೆನ್ನಿನ ಮುಚ್ಚಳ ತಿರುಗಿಸುವ ಬೆರಳು. 

ಮೂರನೆಯ ವರ್ಷ ಹೊಸ ಮ್ಯಾನೇಜರ್ ಮೇಡಂ ಬಂದರು. ಮಾತು ಕಡಿಮೆ, ಎಲ್ಲವನ್ನೂ ಸ್ವತಃ ನೋಡುವ ಹೆಂಗಸು. ಹುಲ್ಲಿನ ವಿಷಯ ಬಂದಾಗ ಮೇಸ್ತ್ರಿ ದೊಡ್ಡಕ್ಕನ ಕಡೆ ಬೆರಳು ಮಾಡಿದ. "ಬೇಕಂತಲೇ ಎಳೀತಾಳೆ ಮೇಡಂ. ನಾನಾದ್ರೆ ಇಡೀ ಹಿಂದಿನ ಅಂಗಳ ಒಂದೂವರೆ ಗಂಟೇಲಿ ಮುಗಿಸ್ತೀನಿ."

ಈ ಮಾತಿಗಾಗಿಯೇ ಅವಳು ಕಾದಿದ್ದಳು. "ಹಾಗಾದ್ರೆ ಮಾಡಿ ತೋರ್ಸಿ ಸಾರ್. ನಾಳೆ ಬೆಳಿಗ್ಗೆ. ಮೇಡಂ ಎದುರಿಗೇ. ನಾನೂ ಕಲೀತೀನಿ."

ಮೇಡಂ ಒಪ್ಪಿದರು. ಮೇಸ್ತ್ರಿಗೆ ಹಿಂದೆ ಸರಿಯಲಾಗಲಿಲ್ಲ.

ಮರುದಿನ ಎಲ್ಲರಿಗಿಂತ ಮೊದಲು ಬಂದವಳು ದೊಡ್ಡಕ್ಕ. ಮಷೀನನ್ನು ಯಾವತ್ತಿನಂತೆ ತಪ್ಪಿಲ್ಲದೆ ನೋಡಿದಳು. ಅದಕ್ಕೆ ಮೋಸ ಮಾಡುವ ಯೋಚನೆ ಅವಳಿಗೆ ಬರಲೇ ಇಲ್ಲ. ಆದರೆ ಇಳಿಜಾರಿನ ನಡುವೆ ಇರುವ ಸಾಮಾನಿನ ಶೆಡ್ಡಿನ ಹಿಂಬದಿಯ ಮೊಳೆಗೆ ಒಂದು ಗೇಣು ಮೆತ್ತನೆಯ ತಂತಿಯನ್ನು ನೇತುಹಾಕಿದಳು. ಅಷ್ಟೇ. ಅದನ್ನು ತೆಗೆದುಕೋ ಎಂದು ಯಾರೂ ಹೇಳುವುದಿಲ್ಲ. ಅಲ್ಲಿಗೆ ಬರುವಷ್ಟರಲ್ಲಿ ಮೇಸ್ತ್ರಿಯ ಮಣಿಕಟ್ಟು ಹತ್ತು ನಿಮಿಷ ಲಿವರ್ ಹಿಡಿದಿರುತ್ತದೆ ಎಂಬುದು ಅವಳ ಲೆಕ್ಕ. ಅಲ್ಲಿಂದ ಮುಂದೆ ಉತ್ತರದ ಗೋಡೆ. ಕಟ್ಟಡದ ನೆರಳು ಬೀಳುವುದರಿಂದ ಅಲ್ಲಿ ಹುಲ್ಲು ಮಧ್ಯಾಹ್ನ ಕಳೆದರೂ ಆರುವುದಿಲ್ಲ.

ಮೇಡಂ ಕೇಳುವಂತೆಯೇ ಅವಳು ಜೋರಾಗಿ ಹೇಳಿದಳು: "ಗೋಡೆ ಹತ್ರ ಒದ್ದೆ ಇದೆ ಸಾರ್. ಅಲ್ಲಿ ಬೇಡ."

"ನೀನು ನಂಗೆ ಹೇಳ್ಕೊಡ್ತೀಯಾ?" ಎಂದ ಮೇಸ್ತ್ರಿ.

ಅದೂ ಅವಳ ಲೆಕ್ಕದೊಳಗೇ ಇತ್ತು.

ಮೊದಲ ಸಾಲುಗಳು ಚೆನ್ನಾಗಿಯೇ ಬಂದವು. ಮೇಡಂ ಗಡಿಯಾರ ನೋಡುತ್ತ ನಿಂತಿದ್ದರು. ಮೇಸ್ತ್ರಿಯ ಕುತ್ತಿಗೆಯ ನರ ಉಬ್ಬಿದ್ದು, ಬಲಗೈ ನಡುಗಿದ್ದು ದೊಡ್ಡಕ್ಕನಿಗೆ ಮಾತ್ರ ಕಾಣುತ್ತಿತ್ತು. ಅವನು ಶೆಡ್ಡಿನ ಹಿಂದೆ ಮರೆಯಾದ. ಅಲಗಿನ ಸದ್ದು ಒಂದು ಕ್ಷಣ ಇಳಿಯಿತು, ಮತ್ತೆ ಏರಿತು. ಹೊರಬಂದಾಗ ಅವನು ಹ್ಯಾಂಡಲ್ ಮೇಲೆ ಬರೀ ಅಂಗೈ ಊರಿ, ಹಾಯಾಗಿ ನಡೆಯುತ್ತಿದ್ದ. ಬೆರಳು ಲಿವರನ್ನು ಮುಟ್ಟಿಯೇ ಇರಲಿಲ್ಲ.

ದೊಡ್ಡಕ್ಕ ಗೋಡೆಯ ಕಡೆ ನಡೆದಳು. ಮೈಯೆಲ್ಲ ಕಣ್ಣಾಗಿ ಅವನಿಂದ ನಾಲ್ಕು ಹೆಜ್ಜೆ ದೂರ ನಿಂತಳು. ಕಿವಿಯ ಮುಚ್ಚಳ ತೆಗೆದಳು. ಎಲ್ಲವನ್ನೂ ಕೇಳಿಸಿಕೊಳ್ಳಬೇಕಿತ್ತು ಅವಳಿಗೆ.

ಹುಲ್ಲು ಸಿಕ್ಕಿಕೊಂಡಿತು. ಎಂಜಿನ್ ತಿಣುಕಿತು. ಮೇಸ್ತ್ರಿ ಮೇಡಂ ಕಡೆ ಒಮ್ಮೆ ನೋಡಿದ. ನಿಲ್ಲಿಸಿದರೆ ಸಮಯ ಹೋಗುತ್ತದೆ. ಹ್ಯಾಂಡಲ್ ಬಿಟ್ಟು ಮುಂದೆ ಬಂದು ಬಗ್ಗಿದ. ಲಿವರ್ ತಾನೇ ಕಟ್ಟಿದ್ದನ್ನು ಆ ಅವಸರದಲ್ಲಿ ಮರೆತನೋ, ಹುಲ್ಲಿನ ಮುದ್ದೆಯನ್ನು ಹೊರಗಿನಿಂದಲೇ ಕೀಳುತ್ತೇನೆ ಎಂದುಕೊಂಡನೋ, ಕೈ ಚಾಚಿದ.

ಮೂರು ವರ್ಷ ಅವಳು ಇದೇ ಗಳಿಗೆಯನ್ನು ಕಣ್ಣು ಮುಚ್ಚಿದಾಗಲೆಲ್ಲ ನೋಡಿದ್ದಳು. ಸುಮ್ಮನೆ ನಿಂತರೆ ಸಾಕಿತ್ತು. ಆದರೆ ಆ ಚಾಚಿದ ಕೈ ನೋಡಿದಾಗ ಅವಳ ತಲೆಯಲ್ಲಿ ಬೇರೆಯೇ ಒಂದು ಯೋಚನೆ ಮಿಂಚಿತು. ಈ ಕೈ ಹೋದರೆ ಬರೆಯುವವರು ಯಾರು? ಬೆರಳು ಹೋದ ಮನುಷ್ಯನ ಮೇಲೆ ಎಲ್ಲರಿಗೂ ಕನಿಕರ. ಹಣ್ಣು ಹಿಡಿದು ನೋಡಲು ಹೋಗುತ್ತಾರೆ. ಅವನು ಅಯ್ಯೋ ಪಾಪ ಆಗಿಬಿಡುತ್ತಾನೆ, ತಮ್ಮ ಸುಳ್ಳನಾಗಿಯೇ ಉಳಿಯುತ್ತಾನೆ.

ಒಂದೇ ನೆಗೆತಕ್ಕೆ ಎಡಗೈಯಿಂದ ಕೀಲಿ ತಿರುಗಿಸಿದಳು, ಬಲಗೈಯಿಂದ ಅವನ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಎಳೆದಳು. ಇಬ್ಬರೂ ಹುಲ್ಲಿನ ಮೇಲೆ ಬಿದ್ದರು.

ಎಂಜಿನ್ ನಿಂತಿತು. ಆ ನಿಶ್ಶಬ್ದದಲ್ಲಿ ಹೊದಿಕೆಯ ಕೆಳಗೆ ಅಲಗು ಇನ್ನೂ ಸುಯ್ ಸುಯ್ ಎಂದು ತಿರುಗುತ್ತಿದ್ದುದು ಓಡಿ ಬಂದ ಮೇಡಂಗೂ ಕೇಳಿಸಿತು. ಅದು ಪೂರ್ತಿ ನಿಂತ ಮೇಲೆ ಮೇಡಂ ಹ್ಯಾಂಡಲ್ ಹತ್ತಿರ ಹೋಗಿ ಬಗ್ಗಿ ನೋಡಿದರು. "ಈ ತಂತಿ ಯಾರು ಕಟ್ಟಿದ್ದು?"

ಮೇಸ್ತ್ರಿಯ ಮುಖ ಬಿಳುಚಿಕೊಂಡಿತ್ತು. ತನ್ನ ಬೆರಳುಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ದೊಡ್ಡಕ್ಕ ಅವನ ಕಿವಿಯ ಹತ್ತಿರ ಬಾಗಿದಳು. "ತಂತಿ ಅಲ್ಲಿ ನೇತುಹಾಕಿದ್ದು ನಾನೇ. ನಿನ್ನ ಕೈ ಹೋಗ್ಲಿ ಅಂತಾನೇ ಕಾದಿದ್ದೆ. ಕಟ್ಟಿದ್ದು ನೀನು. ಉಳಿಸ್ದೆ, ಯಾಕಂದ್ರೆ ಆ ಕೈಯಿಂದ ನಂಗೊಂದು ಕಾಗದ ಬೇಕು. ಇವತ್ತು ಬರೀತೀಯೋ, ಇಲ್ಲಾ ಜೀವನ ಪೂರ್ತಿ ನನ್ನ ಎದುರಿಗೆ ಬಗ್ಗಿ ಕೆಲ್ಸ ಮಾಡ್ತೀಯೋ, ನೋಡ್ಕೋ."

ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟ ಕೆಲಸದಲ್ಲಿ ಮೊದಲ ಸಲ ಅವನನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದಳು. ಆಮೇಲೆ ತಲೆಯೆತ್ತಿ ಎಲ್ಲರಿಗೂ ಕೇಳುವಂತೆ, "ಮೇಡಂ, ಮೂರು ವರ್ಷದ ಹಿಂದಿನದನ್ನ ಯಾರು ಕಟ್ಟಿದ್ದು ಅಂತಾನೂ ಕೇಳಿ" ಎಂದಳು.

ಅವನು ಬರೆದ. ಮೇಡಂ ಕೋಣೆಯಲ್ಲಿ, ಎರಡು ಪುಟ. ಮೂರು ವರ್ಷದ ಹಿಂದೆ ಆ ದಿನ ತಾನು ಕಟ್ಟಿದ್ದು, ಹೇಳದೆ ಕೊಟ್ಟಿದ್ದು, ವಿಚಾರಣೆಯಲ್ಲಿ ಸುಳ್ಳು ಹೇಳಿದ್ದು, ಎಲ್ಲ. ಕೊನೆಗೆ ಸಹಿ ಹಾಕುವಾಗ ದೊಡ್ಡಕ್ಕ ಎದುರಿಗೆ ನಿಂತು ನೋಡಿದಳು. ಹೆಸರು ಸರಿಯಾಗಿ ಮೂಡಿಲ್ಲ ಎಂದು ಎರಡನೆಯ ಸಲ ಹಾಕಿಸಿದಳು.

ಹಳೆಯ ವರದಿ ರದ್ದಾಯಿತು. ತಮ್ಮನನ್ನು ಕರೆದು ಒಳಗಿನ ಸಾಮಾನು ಕೋಣೆಯಲ್ಲಿ ಕೆಲಸ ಕೊಟ್ಟರು. ದೊಡ್ಡಕ್ಕ ಆ ಕಾಗದದ ಒಂದು ಪ್ರತಿಯನ್ನು ತೆಗೆದುಕೊಂಡು ತಮ್ಮನ ಮಗಳ ಸ್ಕೂಲಿಗೆ ಹೋಗಿ, ಟೀಚರ್ ಕೈಗೆ ಕೊಟ್ಟು, "ಇದನ್ನ ಓದಿ, ಆಮೇಲೆ ಮಕ್ಕಳಿಗೆ ಹೇಳಿ" ಎಂದಳು. ಟೀಚರ್ ಮುಜುಗರಪಟ್ಟುಕೊಂಡರೂ ಅವಳು ಹೇಳಿಸುವವರೆಗೆ ಬಾಗಿಲಿನಿಂದ ಕದಲಲಿಲ್ಲ.

ಮೇಸ್ತ್ರಿಯನ್ನು ಕೆಲಸದಿಂದ ತೆಗೆಯುವ ಮಾತು ಬಂತು. ತಡೆದವಳು ಅವಳೇ. "ಓಡಿಸ್ಬೇಡಿ ಮೇಡಂ. ವಯಸ್ಸಾಗಿದೆ, ಎಲ್ಲಿ ಹೋಗ್ತಾರೆ? ನನ್ನ ಕೈ ಕೆಳಗೆ ಹಾಕಿ, ಕೆಲ್ಸ ಕಲಿಸ್ತೀನಿ." ಮೇಡಂ ಅದನ್ನು ದೊಡ್ಡ ಮನಸ್ಸು ಎಂದುಕೊಂಡರು. ಆಸ್ಪತ್ರೆಯಲ್ಲೂ ಕೆಲವರು ಹಾಗೇ ಹೊಗಳಿದರು. ತಮ್ಮನಿಗೆ ಮಾತ್ರ ತನ್ನ ಅಕ್ಕ ಗೊತ್ತಿತ್ತು.

ಅಂದಿನಿಂದ ಅಂಗಳದ ಮೇಸ್ತ್ರಿ ದೊಡ್ಡಕ್ಕ. ಹಳೆಯ ಮೇಸ್ತ್ರಿ ಕಲ್ಲು ಆರಿಸಿದ, ಎಣ್ಣೆ ಕಡ್ಡಿ ಒರೆಸಿದ, ಪ್ಲಗ್ಗಿನ ವೈರ್ ಕಿತ್ತು ಅಲಗು ತೊಳೆದ. ಒಂದು ಸಾಲು ತಪ್ಪಿದರೆ ಇಪ್ಪತ್ತಮೂರನ್ನೂ ಮತ್ತೆ ಮೊದಲಿನಿಂದ ಮಾಡಿಸುತ್ತಿದ್ದಳು. ಬಿಸಿಲಿರಲಿ, ಮಂದಿ ನೋಡುತ್ತಿರಲಿ. ಬೈಯುತ್ತಿರಲಿಲ್ಲ. ಕೈಕಟ್ಟಿ ನಿಂತು ಕಾಯುತ್ತಿದ್ದಳು, ಅಷ್ಟೇ. ಬೈದಿದ್ದರೇ ಅವನಿಗೆ ಹಗುರವಾಗುತ್ತಿತ್ತೇನೋ.

ಒಂದು ಸಂಜೆ ತಮ್ಮ ತಡೆಯಲಾರದೆ ಕೇಳಿದ. "ಸಾಕು ಬಿಡು ದೊಡ್ಡಕ್ಕ. ನಂಗೇ ಸಿಟ್ಟು ಇಳಿದಿದೆ. ಇನ್ನೂ ಎಷ್ಟು ದಿನ?"

"ಅವನ ರಿಟೈರ್‌ಮೆಂಟಿಗೆ ಇನ್ನೂ ನಾಲ್ಕು ವರ್ಷ ಇದೆ" ಎಂದಳು ಅವಳು. "ನಿನ್ನ ಸಿಟ್ಟು ಇಳಿದ್ರೆ ಇಳೀಲಿ. ಇದು ನಂದು."

ತಮ್ಮ ಮೊದಲು ನಕ್ಕ, ಆಮೇಲೆ ಎಡಗೈಯಿಂದ ಮುಖ ಒರೆಸಿಕೊಂಡ. ಅವನು ಅಕ್ಕನಿಗೆ ಹೆದರಿದ್ದು ಅದೇ ಮೊದಲು ಎಂದು ಅವನ ಹೆಂಡತಿ ಆಮೇಲೆ ಹೇಳುತ್ತಿದ್ದಳು.

ದೊಡ್ಡಕ್ಕ ಮೇಸ್ತ್ರಿಯಾದ ಎರಡನೆಯ ವರ್ಷ ಒಂದು ಬೆಳಿಗ್ಗೆ ಹಳೆಯ ಮೇಸ್ತ್ರಿ ಮಷೀನನ್ನು ಓರೆಯಾಗಿ ಎತ್ತಿ ಮರದ ದಿಮ್ಮಿ ಕೊಟ್ಟು ನಿಲ್ಲಿಸಿ, ಅಲಗು ಮುಟ್ಟಿ ನೋಡುತ್ತಿದ್ದ. ಅವಳನ್ನು ಕೈಸನ್ನೆ ಮಾಡಿ ಕರೆದ. ಎಡಗಡೆಯ ಅಲಗಿನ ಬೋಲ್ಟು ಕಾಲು ಸುತ್ತು ಸಡಿಲವಾಗಿತ್ತು. ಹಿಂದಿನ ದಿನ ಅದನ್ನು ಬಿಗಿ ಮಾಡಿದವಳು ದೊಡ್ಡಕ್ಕ. ಹಾಗೇ ಓಡಿಸಿದ್ದರೆ ಅಲಗು ಕಿತ್ತು ಹೋಗಿ ಅವಳ ಮೊಣಕಾಲಿಗೇ ಬರುತ್ತಿತ್ತು. ಅವನು ಸುಮ್ಮನಿರಬಹುದಿತ್ತು.

ಅವಳು ಸ್ಪ್ಯಾನರ್ ಕಿತ್ತುಕೊಂಡು ತಾನೇ ಬಿಗಿ ಮಾಡಿದಳು. ಧನ್ಯವಾದ ಹೇಳಲಿಲ್ಲ. ಅವತ್ತು ಮನೆಗೆ ಬಂದವಳು ಚಪ್ಪಲಿ ಬಿಡುವಾಗಲೂ ಮುಖ ಗಂಟು ಹಾಕಿಕೊಂಡೇ ಇದ್ದಳು. ತಮ್ಮನ ಹೆಂಡತಿ ನೀರು ಕೊಡುತ್ತ ಮೆಲ್ಲಗೆ, "ಇನ್ನೂ ಅವರ ಮೇಲೆ ಸಿಟ್ಟಾ ಅಕ್ಕಾ?" ಎಂದಳು.

"ಸಿಟ್ಟು ಎಲ್ಲಿಗೆ ಹೋಗತ್ತೆ?" ಎಂದಳು ದೊಡ್ಡಕ್ಕ. ನೀರು ಪೂರ್ತಿ ಕುಡಿದು ಲೋಟ ಕೆಳಗಿಟ್ಟಳು. "ಆದ್ರೆ ಬೋಲ್ಟ್ ಮಾತ್ರ ಚೆನ್ನಾಗಿ ನೋಡ್ತಾನೆ, ದರಿದ್ರದವನು."